ಕುದುರೆಗೆ ಕಬ್ಬಿಣದ ಟಾನಿಕ್ ಏಕೆ?

ಕುತ್ತಿಗೆಯ ಮೇಲೆ ಗಟ್ಟಿ ಕೊಬ್ಬಿನ ದಿಂಡು, ಮುಂಗಾಲಿನ ಗೊರಸುಗಳಲ್ಲಿ ಬಳೆ ತೊಡಿಸಿದಂತೆ ಗೆರೆಗಳು. ಹದಿನಾಲ್ಕು ವರ್ಷದ ಆ ಪೋನಿ, ಅಂದರೆ ಗಿಡ್ಡ ತಳಿಯ ಕುದುರೆ, ಕಲ್ಲುಹಾಸಿನ ಮೇಲೆ ಹೆಜ್ಜೆಯಿಡಲು ಅಳುಕುತ್ತಿತ್ತು. ಬೆಂಗಳೂರಿನ ಹೊರವಲಯದ ಲಾಯವದು. ಮೇವಿನ ಕೋಣೆಯಲ್ಲಿ ಕಬ್ಬಿಣದ ಟಾನಿಕ್, ಪಕ್ಕದಲ್ಲೇ ಬೆಲ್ಲದ ಅಚ್ಚು. "ಡಾಕ್ಟರೇ, ರಕ್ತ ಕಡಿಮೆ ಇದೆ ಎಂದಿದ್ದರು, ಅದಕ್ಕೇ ದಿನವೂ ಕೊಡುತ್ತಿದ್ದೇನೆ" ಎಂದ ಕುದುರೆ ನೋಡಿಕೊಳ್ಳುವ ಸೈಸ್. ಅವನ ಅಕ್ಕರೆಯಲ್ಲಿ ಕೊರತೆಯಿರಲಿಲ್ಲ.

ಕುದುರೆ ತನ್ನ ಕೆಂಪು ರಕ್ತಕಣಗಳ ದೊಡ್ಡ ಪಾಲನ್ನು ಗುಲ್ಮದಲ್ಲಿ ಕೂಡಿಟ್ಟಿರುತ್ತದೆ. ಓಡುವಾಗ, ಬೆದರಿದಾಗ ಹೊರಬಿಡುತ್ತದೆ. ಸುಮ್ಮನೆ ನಿಂತಾಗ ತೆಗೆದ ರಕ್ತದಲ್ಲಿ ಎಣಿಕೆ ಕಡಿಮೆ ಕಂಡರೆ ಅದೇ ರಕ್ತಹೀನತೆಯಲ್ಲ. ನಿಜವಾದ ರಕ್ತಹೀನತೆಯಿದ್ದರೂ ಮೊದಲು ಹುಡುಕಬೇಕಾದದ್ದು ಜಂತುಹುಳುವನ್ನು, ನೊಣ ಕಚ್ಚಿ ಹರಡುವ ರಕ್ತಪರಾವಲಂಬಿಯ ಸರ್ರಾ ರೋಗವನ್ನು.

ಮೇವಿನಲ್ಲಿ ಕಬ್ಬಿಣದ ಕೊರತೆಯಾಗುವುದು ತೀರಾ ಅಪರೂಪ. 500 ಕಿಲೋ ತೂಕದ ಕುದುರೆಗೆ ದಿನಕ್ಕೆ ಬೇಕಾದದ್ದು ಸುಮಾರು 400 ಮಿಲಿಗ್ರಾಂ. ಕಿಲೋಗೆ 150 ಮಿಲಿಗ್ರಾಂ ಇರುವ ಒಣಹುಲ್ಲನ್ನು ಹತ್ತು ಕಿಲೋ ತಿಂದರೆ 1,500 ಮಿಲಿಗ್ರಾಂ ಒಳಗೆ ಹೋಯಿತು. ಮಣ್ಣು ಮೆತ್ತಿದ ಹುಲ್ಲಾದರೆ ಇನ್ನೂ ಹೆಚ್ಚು. ಹೆಚ್ಚಾದದ್ದನ್ನು ಹೊರಹಾಕುವ ದಾರಿ ದೇಹಕ್ಕೆ ಇಲ್ಲವೆಂದೇ ಹೇಳಬೇಕು. ಅದು ಯಕೃತ್ತಿನಲ್ಲಿ ಕೂರುತ್ತದೆ, ತಾಮ್ರ ಮತ್ತು ಸತುವಿನ ಹೀರಿಕೆಗೂ ಅಡ್ಡಬರುತ್ತದೆ. ನೆದರ್ಲೆಂಡ್ಸ್‌ನಲ್ಲಿ ಕಬ್ಬಿಣ ತುಂಬಿದ ನೀರು ಕುಡಿದ 21 ಕುದುರೆಗಳು ಮತ್ತು ಒಂದು ಕತ್ತೆಗೆ ಯಕೃತ್ತಿನ ಕಾಯಿಲೆ ಬಂದದ್ದು 2019ರಲ್ಲಿ ವರದಿಯಾಯಿತು. ತೊಟ್ಟಿಯ ಅಂಚಿನಲ್ಲಿ ತುಕ್ಕಿನ ಬಣ್ಣ ಕಂಡರೆ ನಾನು ಬೋರ್‌ವೆಲ್ ನೀರನ್ನು ಪರೀಕ್ಷೆಗೆ ಕಳುಹಿಸುತ್ತೇನೆ.

ಇನ್ಸುಲಿನ್ ಏರಿದ ಕುದುರೆಗಳಲ್ಲಿ ಕಬ್ಬಿಣದ ಸಂಗ್ರಹವನ್ನು ಸೂಚಿಸುವ ಫೆರಿಟಿನ್ ಕೂಡ ಏರಿರುವುದು ಕಂಡುಬಂದಿದೆ. ಯಾವುದರಿಂದ ಯಾವುದು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಹಾಗಾಗಿ ಕಬ್ಬಿಣವೇ ಅಪರಾಧಿ ಎಂದು ನಾನು ಹೇಳುವುದಿಲ್ಲ. ಇನ್ಸುಲಿನ್ ವಿಚಾರದಲ್ಲಿ ಆ ಅನುಮಾನವಿಲ್ಲ. ಆರೋಗ್ಯವಂತ ಪೋನಿಗಳಲ್ಲಿ ಅದನ್ನು ಮೂರು ದಿನ ಏರಿಸಿಟ್ಟರೆ ಸಾಕು, ಲ್ಯಾಮಿನೈಟಿಸ್ (ಗೊರಸಿನೊಳಗಿನ ಪದರಗಳು ಉರಿಯೂತಗೊಂಡು ನೋಯುವ, ಗೊರಸಿನಲ್ಲಿ ಅಂಥ ಗೆರೆ ಮೂಡಿಸುವ ಕಾಯಿಲೆ) ಬರುತ್ತದೆಂದು 2007ರಲ್ಲೇ ತೋರಿಸಲಾಗಿದೆ. ಬೆಲ್ಲ ಸಕ್ಕರೆಯನ್ನೂ ಕಬ್ಬಿಣವನ್ನೂ ಒಟ್ಟಿಗೇ ಕೊಡುತ್ತದೆ.

ಪೋನಿಯ ಇನ್ಸುಲಿನ್ ಹೆಚ್ಚಿತ್ತು. ಬೆಲ್ಲ, ಬೂಸಾ, ಟಾನಿಕ್ ಮೂರನ್ನೂ ನಿಲ್ಲಿಸಿದೆವು. ಹುಲ್ಲನ್ನು ಒಂದು ಗಂಟೆ ನೆನೆಸಿ, ಸಕ್ಕರೆ ಬಿಟ್ಟ ನೀರನ್ನು ಚೆಲ್ಲಿ, ತೂಗಿ ಕೊಟ್ಟೆವು. ಕಬ್ಬಿಣ ಸೇರಿಸದ, ತಾಮ್ರ ಮತ್ತು ಸತು ಇರುವ ಖನಿಜ ಮಿಶ್ರಣ ಹುಡುಕಲು ನಾಲ್ಕು ಅಂಗಡಿ ಅಲೆಯಬೇಕಾಯಿತು. ನೋವು ಇಳಿದ ಮೇಲೆಯೇ ನಡಿಗೆ ಶುರು. ನಾಲ್ಕು ತಿಂಗಳಾಗಿದೆ. ಮೊನ್ನೆ ಸೈಸ್ ಕಾಲನ್ನು ಮೊಣಕಾಲ ಮೇಲಿಟ್ಟುಕೊಂಡು ಗೊರಸಿನ ಮೇಲಂಚಿಗೆ ಬೆರಳಿಟ್ಟು ತೋರಿಸಿದ: ಎರಡು ಬೆರಳಗಲ ಹೊಸ ಗೊರಸು, ಒಂದೂ ಗೆರೆಯಿಲ್ಲದೆ ನುಣುಪಾಗಿ ಇಳಿದಿತ್ತು.