ರಕ್ತದ ಸೋಂಕು: ಕಲ್ಚರ್ ವರದಿಗೆ ಮುನ್ನ ರೋಗಾಣುವನ್ನು ಊಹಿಸುವ ಬಗೆ

ರಕ್ತವನ್ನು ಕಲ್ಚರ್‌ಗೆ (ಅಂದರೆ ಅದರಲ್ಲಿರುವ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆಗೆ) ಕಳುಹಿಸಿದ ಮೇಲೆ ಬಾಟಲಿಯಲ್ಲಿ ಬ್ಯಾಕ್ಟೀರಿಯಾ ಬೆಳೆದಿರುವುದನ್ನು ಯಂತ್ರ ತೋರಿಸಲು ಸಾಮಾನ್ಯವಾಗಿ 12ರಿಂದ 48 ಗಂಟೆ ಹಿಡಿಯುತ್ತದೆ. ಅದು ಯಾವ ಆಂಟಿಬಯೋಟಿಕ್‌ಗೆ ಬಗ್ಗುತ್ತದೆ ಎಂದು ತಿಳಿಯಲು ಮತ್ತೆ ಒಂದೆರಡು ದಿನ ಬೇಕು. ಆದರೆ ಸೋಂಕಿನಿಂದ ರಕ್ತದೊತ್ತಡ ಕುಸಿಯುವ ಸೆಪ್ಟಿಕ್ ಶಾಕ್‌ಗೆ ಜಾರಿದ ರೋಗಿಗೆ ಒಂದು ಗಂಟೆಯೊಳಗೆ ಔಷಧ ಹೋಗಬೇಕು ಎನ್ನುತ್ತವೆ 2021ರ ಅಂತರರಾಷ್ಟ್ರೀಯ ಸೆಪ್ಸಿಸ್ (ಸೋಂಕಿನಿಂದ ಅಂಗಗಳು ಸೋಲುವ ಸ್ಥಿತಿ) ಮಾರ್ಗಸೂಚಿಗಳು. ಹಾಗಾಗಿ ಮೊದಲ ಡೋಸ್ ಯಾವಾಗಲೂ ಊಹೆಯ ಮೇಲೆಯೇ ನಿಂತಿರುತ್ತದೆ.

ಊಹಿಸುವಾಗ ಮೊದಲು ಕೇಳಬೇಕಾದದ್ದು, ಸೋಂಕು ಎಲ್ಲಿಂದ ಒಳಹೊಕ್ಕಿತು ಎಂದು. ರೋಗಾಣುಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದಕ್ಕಿಂತ ಈ ಪ್ರಶ್ನೆ ಹೆಚ್ಚು ದೂರ ಕರೆದೊಯ್ಯುತ್ತದೆ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಮೂತ್ರನಾಳವಾದರೆ ಈ. ಕೋಲೈ ಮೇಲೆ ಮೊದಲ ಅನುಮಾನ. ಪಿತ್ತನಾಳ ಕಟ್ಟಿಕೊಂಡಿದ್ದರೆ ಅದರ ಜೊತೆಗೆ ಕ್ಲೆಬ್ಸಿಯೆಲ್ಲಾ, ಎಂಟರೊಕಾಕಸ್. ಕರುಳು ತೂತಾಗಿದ್ದರೆ ಆಮ್ಲಜನಕವಿಲ್ಲದೆ ಬೆಳೆಯುವ ಬ್ಯಾಕ್ಟೀರಾಯ್ಡಿಸ್ ಅನ್ನೂ ಸೇರಿಸಿಕೊಳ್ಳಿ. ಚರ್ಮದಲ್ಲಿ ಕೀವು ಕಟ್ಟಿದ್ದರೆ ಸ್ಟ್ಯಾಫಿಲೊಕಾಕಸ್ ಆರಿಯಸ್. ವೆಂಟಿಲೇಟರ್‌ನಲ್ಲಿ ಹಲವು ದಿನ ಕಳೆದವರಲ್ಲಿ ಸ್ಯೂಡೊಮೊನಾಸ್, ಅಸಿನೆಟೊಬ್ಯಾಕ್ಟರ್.

ಇದರ ಮೇಲೆ ರೋಗಿಯ ಹಿನ್ನೆಲೆಯನ್ನು ಹೊಂದಿಸಿ ನೋಡಬೇಕು. ದಾಖಲಾಗಿ 48 ಗಂಟೆ ದಾಟಿದ ಮೇಲೆ ಶುರುವಾದ ಸೋಂಕನ್ನು ಆಸ್ಪತ್ರೆಯಲ್ಲಿ ಅಂಟಿದ್ದು ಎಂದು ಪರಿಗಣಿಸುತ್ತಾರೆ. ಅಲ್ಲಿ ಔಷಧಕ್ಕೆ ಬಗ್ಗದ ತಳಿಗಳ ಸಾಧ್ಯತೆ ಹೆಚ್ಚು. ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಾದ ನ್ಯೂಟ್ರೊಫಿಲ್‌ಗಳ ಎಣಿಕೆ ಒಂದು ಮೈಕ್ರೊಲೀಟರ್ ರಕ್ತದಲ್ಲಿ 500ಕ್ಕಿಂತ ಕೆಳಗಿಳಿದಿದ್ದರೆ ಸ್ಯೂಡೊಮೊನಾಸ್‌ ಅನ್ನು ಮರೆಯುವಂತಿಲ್ಲ. ಹಿಂದಿನ ಕಲ್ಚರ್ ವರದಿಗಳನ್ನಂತೂ ಹುಡುಕಿ ತೆಗೆದು ಓದಲೇಬೇಕು. ಕೆಲವು ತಿಂಗಳ ಹಿಂದೆ ಅದೇ ರೋಗಿಯಲ್ಲಿ ನಿರೋಧಕ ಕ್ಲೆಬ್ಸಿಯೆಲ್ಲಾ ಸಿಕ್ಕಿದ್ದರೆ, ಅದಕ್ಕಿಂತ ಬಲವಾದ ಸುಳಿವು ಸಿಗುವುದು ಅಪರೂಪ.

ಒಂದು ಕಲ್ಪಿತ ಪ್ರಕರಣ ನೋಡೋಣ. ಐಸಿಯುನಲ್ಲಿ ಒಂಬತ್ತನೇ ದಿನ, ಕುತ್ತಿಗೆಯಲ್ಲಿ ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕಿದ ಕೊಳವೆ). ಲೈನ್ ಮೂಲಕ ಸಲೈನ್ ಹಾಯಿಸಿದ ಸ್ವಲ್ಪ ಹೊತ್ತಿನಲ್ಲೇ ರೋಗಿಗೆ ಮೈ ನಡುಗುವಷ್ಟು ಚಳಿ, ಹಿಂದೆಯೇ ಜ್ವರ. ಲೈನ್‌ನಿಂದ ಮತ್ತು ಕೈಯ ರಕ್ತನಾಳದಿಂದ ಒಂದೇ ಹೊತ್ತಿಗೆ, ಸಮಪ್ರಮಾಣದಲ್ಲಿ ರಕ್ತ ತೆಗೆಯುತ್ತಾರೆ. ಲೈನ್‌ನ ಬಾಟಲಿ 11 ಗಂಟೆಯಲ್ಲಿ ಪಾಸಿಟಿವ್, ಕೈಯದ್ದು 14 ಗಂಟೆಯಲ್ಲಿ. ಅಂತರ ಎರಡು ಗಂಟೆ ಅಥವಾ ಹೆಚ್ಚಿದ್ದರೆ ಲೈನ್ ಕಡೆಗೇ ಬೊಟ್ಟು ಮಾಡಬೇಕಾಗುತ್ತದೆ. ಬ್ಯಾಕ್ಟೀರಿಯಾಕ್ಕೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವ ಗ್ರಾಮ್ ಸ್ಟೇನ್‌ನಲ್ಲಿ ನೇರಳೆ ಬಣ್ಣದ ದುಂಡು ಕೋಶಗಳು ಗೊಂಚಲುಗೊಂಚಲಾಗಿ ಕಾಣುತ್ತವೆ: ಸ್ಟ್ಯಾಫಿಲೊಕಾಕಸ್ ಗುಂಪು. ಆದರೆ ಆರಿಯಸ್ಸೋ, ಚರ್ಮದ ಮೇಲೆ ಸಹಜವಾಗಿ ಇರುವ ಎಪಿಡರ್ಮಿಡಿಸ್ಸೋ? ಬಣ್ಣ ನೋಡಿ ಹೇಳಲಾಗದು. ಎಪಿಡರ್ಮಿಡಿಸ್ ಒಂದೇ ಕಡೆಯಿಂದ ತೆಗೆದ ರಕ್ತದಲ್ಲಿ ಬೆಳೆದಿದ್ದರೆ ಹೆಚ್ಚಾಗಿ ಸೂಜಿಯ ಜೊತೆ ಚರ್ಮದಿಂದ ಬಂದ ಕಲಬೆರಕೆ. ಎರಡೂ ಕಡೆ ಬೆಳೆದಿರುವುದರಿಂದ ಇಲ್ಲಿ ಹಾಗೆನ್ನಲಾಗದು. ಆರಿಯಸ್ ಒಂದೇ ಬಾಟಲಿಯಲ್ಲಿ ಕಂಡರೂ ಕಡೆಗಣಿಸುವಂತಿಲ್ಲ, ಅದು ಹೃದಯದ ಕವಾಟಕ್ಕೂ ಬೆನ್ನುಮೂಳೆಗೂ ಹೋಗಿ ಕೂರುತ್ತದೆ. ಆದ್ದರಿಂದ ಹೆಸರು ಖಚಿತವಾಗುವವರೆಗೆ ಆರಿಯಸ್ ಎಂದೇ ಭಾವಿಸಿ ಚಿಕಿತ್ಸೆ ಕೊಡುವುದು ಸರಿ. ಮೆಥಿಸಿಲಿನ್ ಬಗೆಯ ಆಂಟಿಬಯೋಟಿಕ್‌ಗಳಿಗೆ ಬಗ್ಗದ ಆರಿಯಸ್ ತಳಿ ಹೆಚ್ಚಿರುವ ಕಡೆ, ಅದರ ಮೇಲೂ ಕೆಲಸ ಮಾಡುವ ವ್ಯಾಂಕೊಮೈಸಿನ್ ಆರಿಸಿಕೊಳ್ಳುವುದು ಇದೇ ಕಾರಣಕ್ಕೆ.

ಬ್ಯಾಕ್ಟೀರಿಯಾ ಸೋಂಕಿನಲ್ಲಿ ರಕ್ತದಲ್ಲಿ ಏರುವ ಪ್ರೊಕ್ಯಾಲ್ಸಿಟೋನಿನ್ ಎಂಬ ವಸ್ತುವಿನ ಮಟ್ಟ, ಗ್ರಾಮ್ ಸ್ಟೇನ್‌ನಲ್ಲಿ ನೇರಳೆಯಾಗುವ ಗ್ರಾಮ್ ಪಾಸಿಟಿವ್‌ಗಳ ಸೋಂಕಿಗಿಂತ ನೇರಳೆಯಾಗದ ಗ್ರಾಮ್ ನೆಗೆಟಿವ್‌ಗಳ (ಈ. ಕೋಲೈನಂಥವು) ಸೋಂಕಿನಲ್ಲಿ ಸರಾಸರಿ ಹೆಚ್ಚಿರುತ್ತದೆ. ಆದರೂ ಎರಡು ಗುಂಪುಗಳ ಅಂಕಿಗಳು ಒಂದರ ಮೇಲೊಂದು ಬೀಳುವುದರಿಂದ ಅದೊಂದನ್ನೇ ನೆಚ್ಚಬೇಡಿ.

ಇದೇ ಸುಳಿವುಗಳನ್ನು ಕಂಪ್ಯೂಟರ್ ಮಾದರಿಗಳಿಗೆ ಉಣಿಸಿ, ಪ್ರತಿ ರೋಗಾಣುವಿನ ಸಂಭವನೀಯತೆಯನ್ನು ಲೆಕ್ಕ ಹಾಕುವ ಪ್ರಯತ್ನಗಳೂ ನಡೆದಿವೆ. ಅಂಥ ಸಂಶೋಧನೆಯನ್ನು ಓದುವಾಗ ಎರಡು ಕಡೆ ಕಣ್ಣಿಡಿ. ರಕ್ತ ತೆಗೆದ ನಂತರ ಬಂದ ಮಾಹಿತಿ, ಉದಾಹರಣೆಗೆ ವೈದ್ಯರು ಆಮೇಲೆ ಬದಲಿಸಿದ ಔಷಧದ ಹೆಸರು, ಮಾದರಿಯೊಳಗೆ ನುಸುಳಿದ್ದರೆ ಅದು ಉತ್ತರವನ್ನು ಮೊದಲೇ ನೋಡಿಕೊಂಡಂತೆ. ಇನ್ನೊಂದು, ರೋಗಾಣುಗಳ ಹಂಚಿಕೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಬೇರೆಯಾಗುತ್ತದೆ. ಮಾದರಿ 20 ಶೇಕಡಾ ಸಾಧ್ಯತೆ ಎಂದ ರೋಗಿಗಳಲ್ಲಿ ನಿಜಕ್ಕೂ ಐವರಲ್ಲಿ ಒಬ್ಬರಿಗೆ ಆ ರೋಗಾಣು ಸಿಕ್ಕಿತೇ ಎಂಬುದನ್ನು, ಅದು ಕಲಿತ ಆಸ್ಪತ್ರೆಯಲ್ಲಲ್ಲದೆ ಬೇರೊಂದರಲ್ಲಿ ಪರೀಕ್ಷಿಸಿ ನೋಡಿರಬೇಕು.