ಒಂಟೆಗೆ ನೆಗಡಿ, ಮನುಷ್ಯನಿಗೆ ನ್ಯುಮೋನಿಯಾ

ಕೊರೊನಾ ಎಂದ ಕೂಡಲೇ ಬಾವಲಿ ತಿಂದವರ ಕಥೆ ಬಿಚ್ಚುವವರು ಇನ್ನೂ ಇದ್ದಾರೆ. ಅವರನ್ನು ಒಮ್ಮೆ ಅರಬ್ ನಾಡಿನ ಒಂಟೆಕೊಟ್ಟಿಗೆಗೆ ಕರೆದೊಯ್ಯಬೇಕು. ಮರಿಯ ಮೂಗಿನಿಂದ ಸಿಂಬಳ ಇಳಿಯುತ್ತಿರುತ್ತದೆ. ಸಾಕಿದವನು ಅಕ್ಕರೆಯಿಂದ ಅದರ ಮೂತಿ ಸವರಿ, ಅದೇ ಕೈಯಲ್ಲಿ ತನ್ನ ಮುಖ ಒರೆಸಿಕೊಳ್ಳುತ್ತಾನೆ. ಮೆರ್ಸ್ ಎಂಬ ಉಸಿರಾಟದ ಕಾಯಿಲೆ ತರುವ ಇನ್ನೊಂದು ಕೊರೊನಾ ವೈರಸ್ ಒಂಟೆಯಿಂದ ಮನುಷ್ಯನಿಗೆ ದಾಟಿ ಬರಲು ಇಷ್ಟು ನಂಟು ಸಾಕಾಗಬಹುದು.

2012ರಲ್ಲಿ ಸೌದಿ ಅರೇಬಿಯಾದ ಜೆಡ್ಡಾದಲ್ಲಿ ತೀರಿಕೊಂಡ 60 ವರ್ಷದ ರೋಗಿಯೊಬ್ಬರ ಕಫದಲ್ಲಿ ಡಾ. ಅಲಿ ಮೊಹಮದ್ ಝಕಿ ಈ ವೈರಸ್ಸನ್ನು ಪತ್ತೆಹಚ್ಚಿದರು. ಹೊಸದು ಎಂದದ್ದು ನಾವು. ಸುಡಾನ್, ಸೊಮಾಲಿಯಾಗಳ ಒಂಟೆಗಳಿಂದ 1983ರಲ್ಲಿ ತೆಗೆದಿಟ್ಟಿದ್ದ ರಕ್ತದ ಸೀರಂನಲ್ಲೇ (ರಕ್ತದ ತಿಳಿಭಾಗದಲ್ಲೇ) ಇದರ ವಿರುದ್ಧದ ಪ್ರತಿಕಾಯಗಳಿದ್ದವು!

ಒಂಟೆಗೆ ಬರೀ ನೆಗಡಿ, ನಮಗೇಕೆ ಪ್ರಾಣಸಂಕಟ? ವೈರಸ್ಸಿನ ಮೈಮೇಲಿನ ಮುಳ್ಳು ಕಚ್ಚಿಕೊಳ್ಳುವುದು ಜೀವಕೋಶಗಳ ಮೇಲಿರುವ ಡಿಪಿಪಿ4 ಎಂಬ ಪ್ರೋಟೀನನ್ನು. ಒಂಟೆಯಲ್ಲಿ ಅದು ಮೂಗಿನ ಒಳಪದರದಲ್ಲೇ ಇದೆ. ಜಗಲಿಯಲ್ಲೇ ಬಾಗಿಲು ಸಿಕ್ಕಂತೆ. ಬಂದವನು ಅಲ್ಲೇ ಗಲಾಟೆ ಮಾಡಿ ಹೋಗುತ್ತಾನೆ. ನಮ್ಮ ಮೂಗಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ, ಇರುವುದು ಶ್ವಾಸಕೋಶದ ಆಳದಲ್ಲಿ. ಕಳ್ಳ ನಡುಮನೆಗೇ ನುಗ್ಗಬೇಕು. ನುಗ್ಗುವುದು ಕಷ್ಟ, ನುಗ್ಗಿದರೆ ಸರ್ವನಾಶ: ವರದಿಯಾದ ರೋಗಿಗಳಲ್ಲಿ ಸತ್ತವರು ಸುಮಾರು ಶೇ. 35.

ಇನ್ನೊಂದು ಬಗೆಯಲ್ಲಿ ನೋಡಿ. ಬಾವಿಯ ತಳದಲ್ಲಿ ನಿಂತು ಕೂಗಿದರೆ ಊರಿಗೆ ಕೇಳುವುದಿಲ್ಲ. ಹಾಗೆಯೇ ಆಳದಲ್ಲಿ ಬೆಳೆದ ಮೆರ್ಸ್ ಸುಲಭವಾಗಿ ಹೊರಬಂದು ಹರಡದು. ಮೂಗಿನಲ್ಲೂ ಗಂಟಲಿನಲ್ಲೂ ಬೆಳೆಯುವ ಕೋವಿಡ್ ವೈರಸ್ ಬಾವಿಕಟ್ಟೆಯ ಮೇಲೆ ನಿಂತು ಕೂಗಿತು, ಲೋಕಕ್ಕೆಲ್ಲ ಕೇಳಿಸಿತು.

ಆದರೆ ಆಸ್ಪತ್ರೆಯಲ್ಲಿ ರೋಗಿಯ ಗಂಟಲಿಗೆ ನಳಿಕೆ ಇಳಿಸುತ್ತಾರೆ, ಕಫ ಹೀರಿ ತೆಗೆಯುತ್ತಾರೆ. ಬಾವಿಗೆ ಹಗ್ಗ, ರಾಟೆ ಎರಡನ್ನೂ ನಾವೇ ಒದಗಿಸಿದಂತಾಯಿತು. 2015ರಲ್ಲಿ ಕೊಲ್ಲಿ ದೇಶಗಳಿಂದ ದಕ್ಷಿಣ ಕೊರಿಯಾಕ್ಕೆ ಮರಳಿದ ಒಬ್ಬನೇ ಪ್ರಯಾಣಿಕನಿಂದ ಶುರುವಾದ ಸರಣಿ 186 ಮಂದಿಗೆ ತಗುಲಿತು, 38 ಮಂದಿ ಸತ್ತರು. ಬಹುತೇಕ ಎಲ್ಲರಿಗೂ ಸೋಂಕು ತಗುಲಿದ್ದು ಆಸ್ಪತ್ರೆಗಳಲ್ಲೇ. ನಮ್ಮಲ್ಲಿಯಂತೆ ಅಲ್ಲೂ ರೋಗಿಯ ಪಕ್ಕ ಮನೆಯವರೇ ಉಳಿದು ಆರೈಕೆ ಮಾಡುವ ರೂಢಿ, ಜೊತೆಗೆ ಕಿಕ್ಕಿರಿದ ತುರ್ತು ವಿಭಾಗ.

ಒಂಟೆಯ ಮೂತ್ರ ಔಷಧಿಯೆಂದು ನಂಬಿ ಕುಡಿಯುವವರೂ ಇದ್ದಾರೆ. ಗೋಮೂತ್ರದ ಚರ್ಚೆ ಕೇಳಿ ಬೆಳೆದ ನನಗೆ ಇದರಲ್ಲಿ ಅಚ್ಚರಿಯೇನಿಲ್ಲ. ಒಂಟೆಯ ಮೂತ್ರವನ್ನೂ ಅದರ ಹಸಿ ಹಾಲನ್ನೂ ಕುಡಿಯಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಗಲ್ಫ್‌ನಲ್ಲಿ ದುಡಿಯುವ ನಮ್ಮ ಕರಾವಳಿಯವರು ಒಂಟೆ ಹಾಲಿನ ರುಚಿ ನೋಡುವುದಿದ್ದರೆ ಕಾಯಿಸಿ ಕುಡಿಯಲಿ.