ಮಗುವಿನ ಕೋಣೆಗೆ ಗುಡ್ಡದ ಗೋಡೆ: ಮುಖ್ಯವಾಗಿ ಟೇಪಿನ ಟಿಪ್ಪಣಿ

ಲೆಕ್ಕಕ್ಕೆ ಹಿಡಿದದ್ದು ಮುಂಬಯಿ ಫ್ಲಾಟಿನ ಸಾಧಾರಣ ಗೋಡೆ: ಅಗಲ 10 ಅಡಿ, ಎತ್ತರ 9 ಅಡಿ. ಮೇಲೆ ತಿಳಿ ಆಕಾಶ, ಕೆಳಗೆ ಒಂದರ ಮುಂದೊಂದು ಮೂರು ಸಾಲು ಗುಡ್ಡ. ಕರ್ಜತ್ ಲೋಕಲ್‌ನ ಕಿಟಕಿಯಿಂದ ಕಾಣುವಂತೆ ದೂರದ ಸಾಲು ಮಸುಕು, ಹತ್ತಿರದ್ದು ಗಾಢ. ಗಾಢ ಬಣ್ಣ ಕೆಳಗೆ ಬರುವುದರಿಂದ ಮಂಚ ಉಜ್ಜಿದ ಗುರುತು, ಮಗುವಿನ ಕೈಕೊಳೆ ಅಷ್ಟಾಗಿ ಎದ್ದು ಕಾಣುವುದಿಲ್ಲ.

ಯಾವ ಗೋಡೆ

ಮಳೆ ಹೊಡೆಯುವ ಹೊರಗೋಡೆ ಬೇಡ, ಬಾತ್‌ರೂಮಿಗೆ ಅಂಟಿದ್ದೂ ಬೇಡ. ಅನುಮಾನವಿದ್ದರೆ ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಒಂದು ದಿನ ಬಿಡಿ. ಗೋಡೆಗೆ ತಾಗಿದ ಮೈಯಲ್ಲಿ ಹನಿ ಕಟ್ಟಿದರೆ ತೇವ ಒಳಗಿನಿಂದಲೇ ಬರುತ್ತಿದೆ. ಅದನ್ನು ಸರಿಪಡಿಸದೆ ಬಳಿದ ಬಣ್ಣ ಗುಳ್ಳೆ ಎದ್ದು ಉದುರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸಕ್ಕೆ ಕೈ ಹಾಕದಿದ್ದರೇ ಒಳ್ಳೆಯದು.

ಹಳೆಯ ಕಟ್ಟಡದಲ್ಲಿ ಆಯಿಲ್ ಪೇಂಟಿನ ಪದರವಿದ್ದರೆ ನೀರು ಹಚ್ಚದೆ ಉಜ್ಜಬೇಡಿ, ಸೀಸದ ಧೂಳು ಏಳಬಹುದು. ಮನೆಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ನೀರು ಹಚ್ಚಿ ಒದ್ದೆಯಾಗಿಯೇ ಉಜ್ಜಿ, ಆ ಹೊತ್ತು ಮಗು ಮನೆಯಲ್ಲಿರದಿರಲಿ.

ಪುಟ್ಟಿ, 220 ನಂಬರಿನ ಪಾಲಿಶ್ ಪೇಪರ್, ವಾಟರ್ ಪ್ರೈಮರ್: ಇದು ಮಾಮೂಲಿ ಕ್ರಮ. ಉಜ್ಜಿದ ಮೇಲೆ ಒದ್ದೆ ಬಟ್ಟೆಯಲ್ಲಿ ಪುಟ್ಟಿಯ ಹುಡಿ ಒರೆಸುವುದನ್ನು ಮಾತ್ರ ಬಿಡಬೇಡಿ. ಹುಡಿಯ ಮೇಲೆ ಟೇಪ್ ಕೂರುವುದಿಲ್ಲ.

ಬಣ್ಣದ ಲೆಕ್ಕ

ನಾಲ್ಕು ಛಾಯೆಗೆ ನಾಲ್ಕು ಬಣ್ಣ ಕೊಳ್ಳುವುದು ದಂಡ. ತೊಳೆಯಬಹುದಾದ ಇಮಲ್ಷನ್‌ನಲ್ಲಿ ತಿಳಿ ಬಣ್ಣ 2 ಲೀಟರ್, ಗಾಢ 1 ಲೀಟರ್ ಸಾಕು. ಲೀಟರಿಗೆ ಒಂದು ಕೋಟಿನಲ್ಲಿ 100 ಚದರಡಿ ಎಂದು ಕೈಬಿಗಿಹಿಡಿದು ಹಾಕಿದ ಲೆಕ್ಕವಿದು. (ಡಬ್ಬಿಯ ಮೇಲಿನ ಅಂಕಿ ಒಂದು ಕೋಟಿನದೋ ಎರಡರದೋ ನೋಡಿಕೊಳ್ಳಿ.) ಎರಡು ಕೋಟ್ ಬಳಿಯಲು ಆಕಾಶಕ್ಕೆ ತಿಳಿ ಬಣ್ಣ 900 ಮಿಲಿ. ದೂರದ ಗುಡ್ಡಕ್ಕೆ ತಿಳಿ 300, ಗಾಢ 100. ನಡುವಿನದಕ್ಕೆ 200, 200. ಮುಂದಿನದಕ್ಕೆ ಬರೀ ಗಾಢ 400. ಬೆರೆಸುವಾಗ ತಿಳಿ ಬಣ್ಣಕ್ಕೆ ಗಾಢವನ್ನು ಸ್ವಲ್ಪಸ್ವಲ್ಪವಾಗಿ ಸುರಿಯಿರಿ. ತಿರುಗಾಮುರುಗಾ ಮಾಡಿದರೆ ಬೇಕಾದ ಛಾಯೆ ಸಿಗುವಷ್ಟರಲ್ಲಿ ತಿಳಿ ಬಣ್ಣವೇ ಮುಗಿದಿರುತ್ತದೆ.

ಟೇಪು

ಎಲ್ಲರೂ ಎಡವುವುದು ಇಲ್ಲೇ. ಒಂದಿಂಚಿನ ಮಾಸ್ಕಿಂಗ್ ಟೇಪಿಗೆ ಎರಡು ಅಂಚು. ಗುಡ್ಡದ ಗೆರೆಯ ಮೇಲೆ ಯಾವುದು ಕೂರಬೇಕು? ಟೇಪ್ ಯಾವಾಗಲೂ ಉಳಿಯಬೇಕಾದ ಬಣ್ಣದ ಮೇಲೆ, ಅಂದರೆ ಗೆರೆಯ ಮೇಲ್ಬದಿಗೆ, ಆಕಾಶದ ಕಡೆ. ಅದರ ಕೆಳಅಂಚೇ ಗುಡ್ಡದ ಗೆರೆ. ಬಿಡಿ ತ್ರಿಕೋನಗಳ ವಿನ್ಯಾಸದಲ್ಲಿ ಟೇಪಿನ ಒಂದಿಂಚು ಪಕ್ಕದ ತ್ರಿಕೋನವನ್ನು ನುಂಗುತ್ತದೆ, ಹಾಗಾಗಿ ಒಂದು ಬಿಟ್ಟು ಒಂದನ್ನು ಬಳಿದು, ಒಣಗಿಸಿ, ಮತ್ತೆ ಟೇಪ್ ಹಾಕಬೇಕು. ಗುಡ್ಡದ ಸಾಲಿಗೆ ಆ ರಗಳೆಯಿಲ್ಲ: ಹಿಂದಿನಿಂದ ಮುಂದಕ್ಕೆ ಬಂದರೆ ಸಾಲಿಗೊಂದೇ ಅಂಚು.

ಶಿಖರದಲ್ಲಿ ಎರಡು ಪಟ್ಟಿ ಅಡ್ಡಹಾಯ್ದರೆ ತೊಂದರೆಯಿಲ್ಲ, ಹೆಚ್ಚಿನ ತುದಿ ಆಕಾಶಕ್ಕೆ ಚಾಚುತ್ತದೆ. ಕಣಿವೆಯಲ್ಲಿ ಹಾಗಲ್ಲ, ತುದಿ ಎದುರಿನ ಗುಡ್ಡದೊಳಕ್ಕೆ ನುಗ್ಗುತ್ತದೆ. ಅಲ್ಲಿ ಪುಟ್ಟಿ ಬಳಿಯುವ ತಗಡಿನ ಪಟ್ಟಿಯನ್ನು ಗೆರೆಗೆ ಒತ್ತಿಹಿಡಿದು, ಬ್ಲೇಡಿನಿಂದ ಟೇಪನ್ನು ಮಾತ್ರ ಹಗುರವಾಗಿ ಕುಯ್ಯಿರಿ.

ಇನ್ನು ಬಣ್ಣ ನುಸುಳುವ ಸಮಸ್ಯೆ. ಗೋಡೆ ಎಷ್ಟೇ ನುಣುಪಾಗಿದ್ದರೂ ರೋಲರಿನ ಸಣ್ಣ ಹರಳು ಇದ್ದೇ ಇರುತ್ತದೆ. ಟೇಪ್ ಹರಳಿನ ನೆತ್ತಿಗೆ ಅಂಟಿ ತಗ್ಗಿನ ಮೇಲೆ ಸೇತುವೆಯಂತೆ ನಿಲ್ಲುತ್ತದೆ; ಬಣ್ಣ ಆ ಸಂದಿಯಲ್ಲಿ ಹರಿಯುತ್ತದೆ. ಉಗುರಿನಿಂದ ಎಷ್ಟು ತೀಡಿದರೂ ಸಂದಿ ಪೂರ್ತಿ ಮುಚ್ಚುವುದಿಲ್ಲ. ಅದಕ್ಕೆ ಉಪಾಯ: ಟೇಪ್ ಹಚ್ಚಿದ ಮೇಲೆ ಅದರ ಕೆಳಅಂಚಿಗೆ ಮೊದಲು ಟೇಪಿನಡಿ ಇರುವ ಬಣ್ಣವನ್ನೇ ತೆಳ್ಳಗೆ ಬಳಿಯಿರಿ, ಆಕಾಶದ ಮೇಲೆ ಟೇಪ್ ಇದ್ದರೆ ಆಕಾಶದ್ದೇ. ನುಸುಳುವುದು ಅದೇ ಬಣ್ಣವಾದ್ದರಿಂದ ಕಣ್ಣಿಗೆ ಬೀಳುವುದಿಲ್ಲ, ಸಂದಿಯೂ ತುಂಬಿಹೋಗುತ್ತದೆ. ಅದು ಒಣಗಿದ ಮೇಲೆ ಗುಡ್ಡದ ಬಣ್ಣ. ನಡುವಿನ ಸಾಲಿಗೆ ಬಂದಾಗ ಟೇಪಿನಡಿ ಇರುವುದು ಆಕಾಶವಲ್ಲ, ದೂರದ ಗುಡ್ಡ. ಅಭ್ಯಾಸಬಲದಿಂದ ಆಕಾಶದ ಡಬ್ಬಿಗೆ ಕೈ ಹಾಕಿದರೆ ಗುಡ್ಡದ ಮೇಲೆ ತಿಳಿ ಬಣ್ಣದ ಹಲ್ಲು ಮೂಡುತ್ತದೆ.

ಅಂಚಿನ ಹತ್ತಿರ ಬಣ್ಣಕ್ಕೆ ಹೆಚ್ಚು ನೀರು ಬೇಡ. ಬ್ರಶ್ಶನ್ನು ಟೇಪಿನ ಕಡೆಯಿಂದ ಗುಡ್ಡದತ್ತ ಎಳೆಯಿರಿ, ತಿರುಗಿಸಿ ಒಳನೂಕಬೇಡಿ. ಎರಡನೇ ಕೋಟ್ ಹಸಿ ಇರುವಾಗಲೇ ಟೇಪನ್ನು ಅದರ ಮೇಲೇ ಮಡಚಿಕೊಂಡು ನಿಧಾನವಾಗಿ ಎಳೆಯಿರಿ. ಪೂರ್ತಿ ಒಣಗಿದರೆ ಬಣ್ಣದ ಪೊರೆ ಟೇಪಿನ ಜೊತೆ ಕಿತ್ತುಬರುತ್ತದೆ. ಆಗ ಮೊದಲು ಅಂಚಿಗೆ ಬ್ಲೇಡ್ ಆಡಿಸಬೇಕಾಗುತ್ತದೆ.

ಕೋಟುಗಳ ನಡುವೆ 4 ಗಂಟೆ ಸಾಕು, ಆದರೆ ಬಳಿದ ಬಣ್ಣದ ಮೇಲೆ ಟೇಪ್ ಹಚ್ಚಲು ಕನಿಷ್ಠ 24 ಗಂಟೆ ಕಾಯಿರಿ. ಟೇಪನ್ನು ಒಮ್ಮೆ ಅಂಗಿಗೆ ಒತ್ತಿ ತೆಗೆದರೆ ಅಂಟಿನ ಬಿಗಿ ತಗ್ಗುತ್ತದೆ.

ಉಳಿದದ್ದು

ಹಿಂದಿನ ಗುಡ್ಡವನ್ನು ಮುಂದಿನದರ ಗೆರೆಯಿಂದ 9 ಇಂಚು ಕೆಳಗಿನವರೆಗೆ ಎಳೆಯಿರಿ. ಕೊನೆಗೆ ಬಹುತೇಕ ಒಣಗಿದ ರೋಲರ್ ಆಡಿಸಿ ಅದರ ಕೆಳಗಿನ ಅಂಚನ್ನು ಮಾಯಿಸಿ, ಇಲ್ಲದಿದ್ದರೆ ಮುಂದಿನ ಗುಡ್ಡದ ಹೊಟ್ಟೆಯಲ್ಲಿ ಅಡ್ಡಗೀರು ಉಬ್ಬಿ ಕಾಣುತ್ತದೆ. ಬೆರೆಸಿದ ಎರಡೂ ಛಾಯೆಗಳಲ್ಲಿ ಉಳಿದಷ್ಟನ್ನು ಬಿಗಿಮುಚ್ಚಳದ ಬಾಟಲಿಗೆ ಹಾಕಿ ಪ್ರಮಾಣ ಬರೆದಿಡಿ. ಮಗು ಸ್ಕೆಚ್ ಪೆನ್ನಿನಲ್ಲಿ ಗೀಚಿದ ದಿನ ಬೇಕಾಗುತ್ತದೆ.